ಗ್ರಾಹಕರ ಪ್ರಶ್ನೆ, ಬಲ್ಲವರ ಉತ್ತರ: ಹುಡುಗ ಹೇಳಿದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮೊಬೈಲ್ ಅಂಗಡಿಯ ಕೌಂಟರಿಗೆ ಸಂಬಂಧಿಸಿದವು. ಕಂತಿನ ಫೋನು, ಪೋಸ್ಟ್‌ಪೇಯ್ಡ್ ಸಿಮ್ಮು, ಛತ್ರಿ ಕೆಳಗಿನ ಬೆರಳಚ್ಚು ಹೀಗೆ ವಸ್ತು ಬೇರೆ ಬೇರೆಯಾದರೂ ದೂರು ಒಂದೇ: ‘ಅವನು ಹೇಳಿದ್ದು ಬೇರೆ, ಬಂದದ್ದು ಬೇರೆ.’ ಓದುಗರ, ಅಂಗಡಿಗಳ, ಕಂಪನಿಗಳ ಹೆಸರು ಬಿಟ್ಟಿದ್ದೇವೆ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಬಳ್ಳಾರಿಯ ಅಂಗಡಿಯೊಂದರಲ್ಲಿ 18,000 ರೂಪಾಯಿಯ ಫೋನ್ ಕಂತಿನ ಮೇಲೆ ಕೊಂಡೆ. ‘ಝೀರೋ ಬಡ್ಡಿ ಅಣ್ಣಾರ, 12 ಕಂತು, ಒಂದಕ್ಕ 1,500, ಮ್ಯಾಲೆ ಒಂದು ಪೈಸಾ ಹತ್ತಂಗಿಲ್ಲ’ ಎಂದು ಸೇಲ್ಸ್ ಹುಡುಗ ಹೇಳಿದ. 4 ಕಂತು ಅಲ್ಲೇ ಕಟ್ಟಿಸಿಕೊಂಡ. ಮೂರು ಸಲ ಓಟಿಪಿ ಕೇಳಿದ, ಹೇಳಿದೆ. ಊರಿಗೆ ಬಂದು ಮೆಸೇಜ್ ನೋಡಿದರೆ ಕಂತು 1,625 ಇದೆ. ಪ್ರೊಸೆಸಿಂಗ್ ಫೀ 599, ಯಾವುದೋ ಕಾರ್ಡಿಗೆ 530 ಬೇರೆ. ಕೇಳಲು ಹೋದರೆ ‘ಓಟಿಪಿ ನೀವೇ ಕೊಟ್ಟೀರಲ್ರೀ’ ಅನ್ನುತ್ತಾರೆ. ಕಂತು ಕಟ್ಟುವುದನ್ನೇ ನಿಲ್ಲಿಸಿಬಿಡಲೇ? (ಕೊಪ್ಪಳ)

ಉತ್ತರ: ಕಂತು ನಿಲ್ಲಿಸಬೇಡಿ. ಸಿಟ್ಟು ಅಂಗಡಿಯ ಮೇಲೆ ಇದ್ದರೂ ಕಂತು ಹೋಗುವುದು ಅಂಗಡಿಗಲ್ಲ, ಫೈನಾನ್ಸ್ ಕಂಪನಿಗೆ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಫೈನಾನ್ಸಿನವರು ಒಂದು ದಂಡ ಹಾಕುತ್ತಾರೆ, ಬ್ಯಾಂಕಿನವರು ಇನ್ನೊಂದು. ಅದರ ಮೇಲೆ ಸಿಬಿಲ್‌ನಂಥ ಸಾಲ ಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ‘ಬಾಕಿ’ ಎಂದು ಬೀಳುತ್ತದೆ. ನಾಳೆ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಲು ಹೋದಾಗ ಮ್ಯಾನೇಜರ್ ನೋಡುವುದು ಆ ಗೆರೆಯನ್ನು. ಅದರ ಹಿಂದಿನ ಜಗಳ ಅವರಿಗೆ ಕಾಣುವುದಿಲ್ಲ. ‘ಆಕ್ಷೇಪಣೆಗೆ ಒಳಪಟ್ಟು ಕಟ್ಟುತ್ತಿದ್ದೇನೆ’ ಎಂದು ಇಮೇಲ್‌ನಲ್ಲಿ ಬರೆದು ಕಂತು ಕಟ್ಟುತ್ತಾ ಹೋಗಿ, ಜಗಳವನ್ನು ಬೇರೆ ದಾರಿಯಲ್ಲಿ ನಡೆಸಿ.

ಈಗ ಲೆಕ್ಕಕ್ಕೆ ಬರೋಣ. 1,625ನ್ನು 12ರಿಂದ ಗುಣಿಸಿದರೆ 19,500. ಅಂದರೆ 18,000ದ ಫೋನಿನ ಜೊತೆ 1,500 ರೂಪಾಯಿಯ ಇನ್ನೇನೋ ಸಾಲದೊಳಗೆ ಸೇರಿದೆ. ಇಂಥ ಕಡೆ ಸಾಮಾನ್ಯವಾಗಿ ಸೇರುವುದು ಸ್ಕ್ರೀನ್ ಒಡೆದರೆ ರಿಪೇರಿ ಕೊಡುವ ಪ್ಲಾನ್, ಹೆಚ್ಚುವರಿ ವಾರಂಟಿ ಇಲ್ಲವೇ ವಿಮೆ. 599 ಮತ್ತು 530 ಕೂಡಿಸಿದರೆ ನಿಮ್ಮ ಕೈಯಿಂದ ಹೋಗುವ ಒಟ್ಟು ಮೊತ್ತ 20,629. ಹುಡುಗ ಹೇಳಿದ್ದಕ್ಕಿಂತ 2,629 ಹೆಚ್ಚು.

‘ಝೀರೋ ಬಡ್ಡಿ’ಯನ್ನೂ ಒಮ್ಮೆ ಒರೆಗೆ ಹಚ್ಚಿ ನೋಡಿ. 4 ಕಂತು, ಅಂದರೆ 6,500 ರೂಪಾಯಿ, ನೀವು ಕೌಂಟರಿನಲ್ಲೇ ಕಟ್ಟಿದ್ದೀರಿ. ಹಾಗಾಗಿ ನಿಜವಾಗಿ ಸಿಕ್ಕ ಸಾಲ 13,000, ಅದೂ 8 ತಿಂಗಳಿಗೆ. ಇಷ್ಟು ಸಣ್ಣ, ಇಷ್ಟು ಗಿಡ್ಡ ಸಾಲಕ್ಕೆ 599 ರೂಪಾಯಿ ಫೀ ಅಂದರೆ ವರ್ಷದ ಲೆಕ್ಕದಲ್ಲಿ ಶೇ. 12ರಿಂದ 13ರ ಬಡ್ಡಿ ಕೊಟ್ಟ ಹಾಗೆ. ಶೂನ್ಯ ಬಡ್ಡಿಯ ಯೋಜನೆಗಳಲ್ಲಿ ಬಡ್ಡಿ ಪ್ರೊಸೆಸಿಂಗ್ ಫೀಯ ವೇಷ ಹಾಕಿಕೊಂಡು ಬರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಇದರ ಜೊತೆಗೆ, ರೊಕ್ಕ ಎಣಿಸಿ ಕೊಳ್ಳುವವರಿಗೆ ಸಿಗುವ ಡಿಸ್ಕೌಂಟ್ ಕಂತಿನವರಿಗೆ ಹಲವು ಸಲ ಸಿಗುವುದೇ ಇಲ್ಲ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ‘ಕಂತು ಎಷ್ಟು’ ಅಂತಲ್ಲ, ‘ಈಗಲೇ ನಗದು ಕೊಟ್ಟರೆ ಎಷ್ಟಕ್ಕೆ ಬಿಡ್ತೀರಿ’ ಅಂತ.

ನಿಮ್ಮ ಎದುರಿಗಿರುವವರು ಒಬ್ಬರಲ್ಲ. ಫೋನ್ ಮಾರಿದ ಅಂಗಡಿ, ಸಾಲ ಕೊಟ್ಟ ಫೈನಾನ್ಸ್ ಕಂಪನಿ, ಸ್ಕ್ರೀನ್ ಪ್ಲಾನ್ ಅಥವಾ ವಿಮೆ ಮಾರಿದ ಮೂರನೆಯವರು. ಕೌಂಟರಿನಲ್ಲಿ ನಿಂತ ಹುಡುಗ ಇವರಲ್ಲಿ ಯಾರ ಸಂಬಳದವನು ಎಂಬುದನ್ನು ಮೊದಲು ಪತ್ತೆ ಮಾಡಿ. ಎಷ್ಟೋ ಅಂಗಡಿಗಳಲ್ಲಿ ಅಂಗಡಿಯ ಟೀ ಶರ್ಟು ತೊಟ್ಟು ನಿಂತವನು ಫೈನಾನ್ಸ್ ಕಂಪನಿ ಕಳಿಸಿದವನಾಗಿರುತ್ತಾನೆ. ಅವನಿಗೆ ಸ್ಕ್ರೀನ್ ಪ್ಲಾನು, ಕಾರ್ಡುಗಳ ಟಾರ್ಗೆಟ್ ಬೇರೆಯಾಗಿಯೇ ಇರುತ್ತದೆ.

ಮುಂದಿನ ಕೆಲಸ ಕಾಗದ ಕೂಡಿಸುವುದು. ಆ ಮೂರು ಓಟಿಪಿ ಮೆಸೇಜುಗಳನ್ನು ಅಳಿಸಬೇಡಿ. ಅದು ಯಾತಕ್ಕೆ ಎಂಬುದು ಮೆಸೇಜಿನಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ನಿಮ್ಮ ಹಳೆಯ ಸಾಲಗಳ ವಿವರ ನೋಡಲು ಒಪ್ಪಿಗೆ, ಒಂದು ಸಾಲಪತ್ರಕ್ಕೆ ಇ-ಸಹಿ, ಇನ್ನೊಂದು ನಿಮ್ಮ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳು ದುಡ್ಡು ಎಳೆಯುವ ಮ್ಯಾಂಡೇಟ್. ಸ್ಕ್ರೀನ್ ಪ್ಲಾನಿಗೆ ಬೇರೆ ಓಟಿಪಿ ಬಂದೇ ಇಲ್ಲ ಎಂದಾದರೆ ‘ನಾನು ಒಪ್ಪಿಗೆ ಕೊಟ್ಟಿಲ್ಲ’ ಎಂಬ ನಿಮ್ಮ ಮಾತಿಗೆ ಬಲ ಬರುತ್ತದೆ. ಮ್ಯಾಂಡೇಟ್‌ನ ಗರಿಷ್ಠ ಮೊತ್ತವನ್ನೂ ಬ್ಯಾಂಕ್ ಆ್ಯಪಿನಲ್ಲಿ ನೋಡಿಕೊಳ್ಳಿ. ಕಂತು 1,625 ಇದ್ದರೂ ಮ್ಯಾಂಡೇಟ್ ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತಕ್ಕೆ ಇರುವುದುಂಟು.

ಆಮೇಲೆ ಫೈನಾನ್ಸ್ ಕಂಪನಿಯ ಆ್ಯಪಿನಿಂದ ಎರಡು ಪತ್ರ ಇಳಿಸಿಕೊಳ್ಳಿ: ಸಾಲದ ಕರಾರು ಮತ್ತು ಕೆಎಫ್‌ಎಸ್ ಅನ್ನುವ ಮುಖ್ಯಾಂಶಗಳ ಪತ್ರ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಕೆಎಫ್‌ಎಸ್ ಕೊಡಲೇಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಫೀಗಳನ್ನೆಲ್ಲ ಕೂಡಿಸಿದ ನಿಜವಾದ ವಾರ್ಷಿಕ ದರ ಎಪಿಆರ್ ಎಂಬ ಸಾಲಿನಲ್ಲಿರುತ್ತದೆ. ಕುಂದುಕೊರತೆ ಅಧಿಕಾರಿಯ ಫೋನು, ಇಮೇಲ್ ಕೂಡ ಅದರಲ್ಲೇ ಇರಬೇಕು. ಕನ್ನಡವಷ್ಟೇ ಬಲ್ಲವರಿಗೆ ಇಂಗ್ಲಿಷಿನ ಕೆಎಫ್‌ಎಸ್ ಕೊಟ್ಟಿದ್ದರೆ, ಇಲ್ಲವೇ ಕೊಟ್ಟೇ ಇಲ್ಲದಿದ್ದರೆ, ದೂರಿನ ಮೊದಲ ಅಂಶ ಅದೇ ಆಗಲಿ.

ಅದೇ ಪತ್ರದಲ್ಲಿ ‘ಕೂಲಿಂಗ್ ಆಫ್’ ಎಂಬ ಸಾಲೊಂದಿದೆ. ಆ್ಯಪಿನ ಮೂಲಕ ಕೊಡುವ ಡಿಜಿಟಲ್ ಸಾಲಗಳಲ್ಲಿ ಇಷ್ಟು ದಿನದೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಎಷ್ಟು ದಿನ ಎಂಬುದನ್ನು ಕಂಪನಿ ನಿರ್ಧರಿಸುತ್ತದೆ. ಒಂದು ದಿನಕ್ಕಿಂತ ಕಡಿಮೆ ಇಡುವಂತಿಲ್ಲ. ಪ್ರೊಸೆಸಿಂಗ್ ಫೀಯನ್ನು ಮೊದಲೇ ತಿಳಿಸಿದ್ದರೆ ಅದನ್ನು ಉಳಿಸಿಕೊಳ್ಳಲು ಅವರಿಗೆ ಅವಕಾಶವಿದೆ. ಬಹಳ ಜನ ಇಲ್ಲಿ ತಪ್ಪು ತಿಳಿಯುತ್ತಾರೆ. ಇದು ಸಾಲ ಹಿಂದಿರುಗಿಸುವ ಹಕ್ಕು, ಫೋನ್ ಹಿಂದಿರುಗಿಸುವ ಹಕ್ಕಲ್ಲ. ಅಂಗಡಿಯಲ್ಲಿ ಕೊಂಡ ವಸ್ತುವಿನಲ್ಲಿ ದೋಷವಿಲ್ಲದಿದ್ದರೆ ಮನಸ್ಸು ಬದಲಾಯಿತೆಂದು ವಾಪಸ್ ಕೊಡುವ ಹಕ್ಕು ನಮ್ಮ ಕಾನೂನಿನಲ್ಲಿಲ್ಲ. ಬಿಲ್ಲಿನಲ್ಲಿ ಅಂಗಡಿಯವರೇ ವಾಪಸ್ ಅವಧಿ ಬರೆದಿದ್ದರೆ ಮಾತ್ರ ಅದು ನಿಮ್ಮ ಕೈಗೆ ಸಿಕ್ಕ ಆಯುಧ. ಬರೆದಂತೆ ನಡೆಯದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದೇ ಪಟ್ಟಿಗೆ ಸೇರುತ್ತದೆ.

ಹುಡುಗನ ಮಾತನ್ನು ದಾಖಲೆಗೆ ಇಳಿಸುವುದು ಇನ್ನೊಂದು ಕೆಲಸ. ಅವನ ನಂಬರಿಗೆ ವಾಟ್ಸಾಪಿನಲ್ಲಿ ಸಿಟ್ಟಿಲ್ಲದೆ ಬರೆಯಿರಿ: ‘ಇಂಥ ದಿನ, ಇಷ್ಟು ಹೊತ್ತಿಗೆ, ಕಂತು 1,500 ರೂ., ಬೇರೆ ಯಾವ ಖರ್ಚೂ ಇಲ್ಲ ಎಂದು ಹೇಳಿದ್ದಿರಿ. ಈಗ 1,625 ಎಂದು ಬಂದಿದೆ. ಸಾಲಕ್ಕೆ ಹೆಚ್ಚುವರಿ 1,500 ರೂ. ಯಾತಕ್ಕೆ ಸೇರಿಸಿದಿರಿ?’ ಅವನು ‘ಸರ್, ಅದು ಸ್ಕ್ರೀನ್ ಪ್ಲಾನ್, ಎಲ್ಲರಿಗೂ ಹಾಕ್ತೀವಿ’ ಎಂದು ಬರೆದನೆಂದರೆ ನಿಮ್ಮ ಅರ್ಧ ಕೆಲಸ ಆಯಿತು. ಬೈಯುತ್ತಾ ಬರೆದರೆ ಉತ್ತರವೇ ಬರುವುದಿಲ್ಲ. ಬಂದರೂ ಮುಂದೆ ಗ್ರಾಹಕರ ಆಯೋಗದವರು ಓದುವುದು ನಿಮ್ಮ ಬೈಗುಳವನ್ನು. ಈ ಸಂದೇಶ ಕೊಂಡ ದಿನ ಅಥವಾ ಮರುದಿನ ಹೋದಷ್ಟೂ ಬೆಲೆ ಹೆಚ್ಚು. ಮೂರು ತಿಂಗಳ ಮೇಲೆ ಹೋದರೆ ‘ಇಷ್ಟು ದಿನ ಸುಮ್ಮನಿದ್ದಿರಲ್ಲ’ ಎಂಬ ಪ್ರಶ್ನೆ ಕಾದಿರುತ್ತದೆ.

ಈಗ ದೂರು. ಫೈನಾನ್ಸ್ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಎರಡೇ ಬೇಡಿಕೆ ಇಡಿ: ಸ್ಕ್ರೀನ್ ಪ್ಲಾನ್ ರದ್ದು ಮಾಡಿ 1,500 ರೂಪಾಯಿಯನ್ನು ಅಸಲಿಗೆ ಜಮಾ ಮಾಡಬೇಕು, ಕಾರ್ಡ್ ರದ್ದು ಮಾಡಿ 530 ಹಿಂದಿರುಗಿಸಬೇಕು. ‘ನನಗೆ ಮೋಸವಾಗಿದೆ, ನ್ಯಾಯ ಕೊಡಿಸಿ’ ಎಂದಷ್ಟೇ ಬರೆದ ದೂರಿಗೆ ‘ವಿಷಾದಿಸುತ್ತೇವೆ’ ಎಂಬ ಉತ್ತರ ಬಂದು ಕಡತ ಮುಚ್ಚುತ್ತದೆ. ಅಂಕಿ ಬರೆದ ದೂರಿಗೆ ಹೌದು, ಅಲ್ಲ ಎರಡರಲ್ಲಿ ಒಂದು ಹೇಳಲೇಬೇಕು. ಪ್ರೊಸೆಸಿಂಗ್ ಫೀ ವಾಪಸ್ ಸಿಗುವುದು ಕಷ್ಟ, ಏಕೆಂದರೆ ಅದು ಸಾಮಾನ್ಯವಾಗಿ ಕೆಎಫ್‌ಎಸ್‌ನಲ್ಲಿ ನಮೂದಾಗಿರುತ್ತದೆ. ಅಲ್ಲಿ ಇಲ್ಲದಿದ್ದರೆ ಅದನ್ನೂ ಕೇಳಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಎಂಬ ದೂರು ವಿಚಾರಣಾಧಿಕಾರಿಯ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಜಾಲತಾಣದಲ್ಲಿ ದೂರು ಹಾಕಬಹುದು, ಮಾಹಿತಿಗೆ 14448. ಕಂಪನಿಗೆ ಮೊದಲು ಬರೆಯದೆ ನೇರವಾಗಿ ಹೋದರೆ ದೂರು ಅಲ್ಲೇ ತಿರಸ್ಕೃತವಾಗುತ್ತದೆ. ಎಷ್ಟೋ ದೂರುಗಳು ಬೀಳುವುದು ಈ ಹೊಂಡದಲ್ಲೇ. ಸೇರಿಸಿದ್ದು ವಿಮೆ ಎಂದು ಗೊತ್ತಾದರೆ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ಕ್ಕೆ 155255ರಲ್ಲಿ ದೂರು ಕೊಡಬಹುದು. ಅಂಗಡಿಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಸಹಾಯವಾಣಿಯವರು ತೀರ್ಪು ಕೊಡುವವರಲ್ಲ, ಕಂಪನಿಗೆ ದೂರು ದಾಟಿಸಿ ರಾಜಿಗೆ ಯತ್ನಿಸುವವರು. ಆದರೂ ದೊಡ್ಡ ಕಂಪನಿಗಳು ಅಲ್ಲಿಂದ ಬಂದ ದೂರನ್ನು ತಮ್ಮ ಕಾಲ್ ಸೆಂಟರಿನ ದೂರಿಗಿಂತ ಬೇಗ ಮುಗಿಸುವುದುಂಟು.

ಕೊನೆಯ ಕಂತು ಕಟ್ಟಿದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ ತೆಗೆದುಕೊಳ್ಳುವುದನ್ನು ಮರೆಯಬೇಡಿ. ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಸಾಲ ಮುಗಿದದ್ದು ಅದರಲ್ಲಿ ನಮೂದಾಗಿದೆಯೇ ನೋಡಿ. ತಪ್ಪಿದ್ದರೆ, ದೂರು ಕೊಟ್ಟ 30 ದಿನದೊಳಗೆ ಸರಿಪಡಿಸದಿದ್ದಲ್ಲಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ.

ಪ್ರಶ್ನೆ: ‘ನಿಮ್ಮ ನಂಬರಿಗೆ ಫೈವ್‌ಜಿ ಮಾಡಿಕೊಡ್ತೀವಿ ಅಕ್ಕಾರ, ಫ್ರೀ’ ಎಂದು ಮನೆಗೆ ಬಂದವರು ಪ್ರೀಪೇಯ್ಡ್ ನಂಬರನ್ನು ಬೇರೆ ಕಂಪನಿಯ ಪೋಸ್ಟ್‌ಪೇಯ್ಡ್ ಮಾಡಿಬಿಟ್ಟರು. ನನ್ನ ಹೆಸರಿನಲ್ಲಿ ಇನ್ನೂ ಎರಡು ಸಿಮ್ ಕೊಟ್ಟರು. ‘ತಿಂಗಳಿಗೆ ಎಲ್ಲಾ ಸೇರಿ 449’ ಅಂದಿದ್ದರು. ಬಿಲ್ಲು 883 ರೂಪಾಯಿ 82 ಪೈಸೆ. ಹಳೆಯ ಕಂಪನಿಗೆ ಮರಳಿ ಹೋಗಬಹುದೇ? (ಸಿಂಧನೂರು)

ಉತ್ತರ: ಬಿಲ್ಲಿನ ಅಂಕಿ ಎಲ್ಲಿಂದ ಬಂತು ಎಂಬುದು ಬಿಲ್ಲಿನಲ್ಲೇ ಇರುತ್ತದೆ. ನೀವು ಕಳಿಸಿದ ಪ್ರತಿಯ ಪ್ರಕಾರ ಮುಖ್ಯ ನಂಬರಿಗೆ 449, ಜೋಡಿ ಸಿಮ್ ಎರಡಕ್ಕೆ ತಲಾ 150, ಒಟ್ಟು 749. ಅದರ ಮೇಲೆ ಶೇ. 18 ಜಿಎಸ್‌ಟಿ 134.82. ಪೋಸ್ಟ್‌ಪೇಯ್ಡ್ ಪ್ಲಾನಿನ ದರ ಹೇಳುವಾಗ ತೆರಿಗೆ ಬಿಟ್ಟು ಹೇಳುವುದು ಮಾಮೂಲಿ. ಪ್ರೀಪೇಯ್ಡ್ ರೀಚಾರ್ಜಿನ ದರದಲ್ಲಿ ತೆರಿಗೆ ಸೇರಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಇದೇ ಅಗ್ಗ’ ಎಂದು ತೋರಿಸುವವರು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮುಂದಿನ ತಿಂಗಳು ಅಂಕಿ ಇನ್ನೊಂದು ಥರ ಬಂದರೂ ಗಾಬರಿ ಬೇಡ. ಬಿಲ್ಲಿನ ದಿನಕ್ಕೂ ಸಿಮ್ ಚಾಲೂ ಆದ ದಿನಕ್ಕೂ ಹೊಂದದಿದ್ದಾಗ ಮೊದಲೆರಡು ಬಿಲ್ಲುಗಳಲ್ಲಿ ಚೂರುಪಾರು ದಿನದ ಬಾಡಿಗೆ ಸೇರುತ್ತದೆ.

ನಂಬರ್ ಬೇರೆ ಕಂಪನಿಗೆ ಹೋದದ್ದು ಹೇಗೆಂದರೆ, ನಿಮ್ಮ ಫೋನಿನಿಂದ 1900ಕ್ಕೆ ‘ಪೋರ್ಟ್’ ಎಂಬ ಇಂಗ್ಲಿಷ್ ಪದ ಮತ್ತು ನಂಬರ್ ಬರೆದು ಅವರು ಮೆಸೇಜ್ ಕಳಿಸಿದ್ದಾರೆ. ಉತ್ತರವಾಗಿ ಬಂದ 8 ಅಕ್ಷರದ ಯುಪಿಸಿ ಕೋಡನ್ನು ಬರೆದುಕೊಂಡಿದ್ದಾರೆ. ‘ಫೈವ್‌ಜಿ ಕೋಡ್’ ಎಂದು ಅದನ್ನೇ ಕೇಳಿರುತ್ತಾರೆ. ಒಂದೇ ಕಂಪನಿಯಲ್ಲಿ ಫೋರ್‌ಜಿಯಿಂದ ಫೈವ್‌ಜಿಗೆ ಹೋಗಲು ಈ ಕೋಡು ಬೇಕಿಲ್ಲ. ಅರ್ಜಿ ಸೇರಿದ 24 ಗಂಟೆಯೊಳಗೆ ‘ಕ್ಯಾನ್ಸಲ್’ ಎಂಬ ಇಂಗ್ಲಿಷ್ ಪದ ಮತ್ತು ನಂಬರ್ ಬರೆದು 1900ಕ್ಕೆ ಕಳಿಸಿದ್ದರೆ ಪೋರ್ಟ್ ಅಲ್ಲೇ ನಿಲ್ಲುತ್ತಿತ್ತು. ನಿಮ್ಮ ಮಟ್ಟಿಗೆ ಆ ಗಡುವು ದಾಟಿದೆ. ಮನೆಯಲ್ಲಿ ಇನ್ನೊಬ್ಬರಿಗೆ ಹೀಗಾದರೆ ನೆನಪಿರಲಿ.

ಒಮ್ಮೆ ಪೋರ್ಟ್ ಆದ ನಂಬರ್ 90 ದಿನ ಆ ಕಂಪನಿಯಲ್ಲೇ ಇರಬೇಕು. ಆಮೇಲೂ ಪೋಸ್ಟ್‌ಪೇಯ್ಡ್ ಬಾಕಿ ಪೂರ್ತಿ ಕಟ್ಟದೆ ಯುಪಿಸಿ ಹುಟ್ಟುವುದೇ ಇಲ್ಲ. ನಿಗದಿತ ಅವಧಿಯ ಕರಾರು ಇದ್ದರೆ ಅದರ ನಿರ್ಗಮನ ಷರತ್ತೂ ಅಡ್ಡ ಬರುತ್ತದೆ. ‘ಬಿಲ್ಲು ಕಟ್ಟೋದಿಲ್ಲ, ಪೋರ್ಟ್ ಮಾಡ್ತೀನಿ’ ಎಂಬ ದಾರಿ ಹಾಗಾಗಿ ಮುಚ್ಚಿದೆ. ಅದಕ್ಕಿಂತ ಮೊದಲು ಸಿಗುವ ದಾರಿ ಅದೇ ಕಂಪನಿಯಲ್ಲಿ ಪ್ರೀಪೇಯ್ಡ್‌ಗೆ ಬದಲಾಗುವುದು. ಮೊದಲ ಸಲದ ಇಂಥ ಬದಲಾವಣೆಗೆ ಕಾಯಬೇಕಾದ ಅವಧಿಯನ್ನು ದೂರಸಂಪರ್ಕ ಇಲಾಖೆ 2025ರಲ್ಲಿ 90 ದಿನದಿಂದ 30 ದಿನಕ್ಕೆ ಇಳಿಸಿದೆ. ಈ ಕೆಲಸ ಓಟಿಪಿಯಿಂದಲೇ ಆಗುತ್ತದೆ. ಜೋಡಿ ಸಿಮ್ ಎರಡನ್ನೂ ಈಗಲೇ ಲಿಖಿತವಾಗಿ ರದ್ದು ಮಾಡಿಸಿ. ಸಿಮ್ಮನ್ನು ಫೋನಿನಿಂದ ತೆಗೆದು ಮಾಡದಲ್ಲಿಟ್ಟರೆ ಬಾಡಿಗೆ ನಿಲ್ಲುವುದಿಲ್ಲ. ಎಷ್ಟೋ ಮನೆಗಳಲ್ಲಿ ಬಾಕಿ ಬೆಳೆಯುವುದು ಹೀಗೇ.

ದೂರು ಕಂಪನಿಯ 198 ನಂಬರಿಗೆ. ಕರೆ ಪುಕ್ಕಟೆ. ಮಾತು ಮುಗಿಯುವ ಮುಂಚೆ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಕೇಳಿ ಬರೆದುಕೊಳ್ಳಿ. ಅದಿಲ್ಲದಿದ್ದರೆ ದೂರು ಕೊಟ್ಟೇ ಇಲ್ಲ ಎಂದಂತೆ. ಅವರು ಒಪ್ಪದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಿ. ಅದೂ ಪುಕ್ಕಟೆ, 39 ದಿನದಲ್ಲಿ ತೀರ್ಮಾನ ಆಗಬೇಕು. ಜೊತೆಗೆ ನಿಮ್ಮ ಗ್ರಾಹಕ ಅರ್ಜಿಯ ಪ್ರತಿಯನ್ನು ಕೇಳಿ. ಕಾಗದದ ಅರ್ಜಿ 2024ರ ಜನವರಿ 1ರಿಂದ ನಿಂತಿದೆ. ಈಗ ಅದು ಡಿಜಿಟಲ್. ಯಾವ ಪ್ಲಾನಿಗೆ, ಎಷ್ಟು ಗಂಟೆಗೆ, ಯಾವ ಮಾರಾಟ ಕೇಂದ್ರದಿಂದ ಸಿಮ್ ಕೊಟ್ಟರು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಮನೆಗೆ ಬಂದವನ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಕಂಪನಿಗೆ ಗೊತ್ತಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರೆ ಕೆಲಸ ಆಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ನಿಯಮ ಮಾಡುವ ಸಂಸ್ಥೆ, ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ.

ಪ್ರಶ್ನೆ: ಗವಿಮಠದ ಜಾತ್ರೆಯ ಟೈಮಿನಲ್ಲಿ ಛತ್ರಿ ಹಾಕಿಕೊಂಡು ಕೂತವರ ಹತ್ತಿರ ಸಿಮ್ ತಗೊಂಡೆವು. ‘ಬೆರಳು ಸರಿಯಾಗಿ ಬೀಳಲಿಲ್ಲ ಅಜ್ಜಾ’ ಅಂತ ನಮ್ಮ ತಂದೆಯವರ ಹೆಬ್ಬೆಟ್ಟು ಮೂರು ಸಲ ಒತ್ತಿಸಿಕೊಂಡರು. ಕೊಟ್ಟದ್ದು ಒಂದೇ ಸಿಮ್. ಅನುಮಾನ ಪಡಬೇಕೇ? (ಕುಷ್ಟಗಿ)

ಉತ್ತರ: ಪಡಬೇಕು, ಆದರೆ ಮೊದಲು ಪರೀಕ್ಷೆ ಮಾಡಿ. ಹೊಲದಲ್ಲಿ ದುಡಿದ, ವಯಸ್ಸಾದ ಕೈಗಳ ಗೆರೆ ಸವೆದು ಬೆರಳಚ್ಚು ನಿಜವಾಗಿಯೂ ಬೀಳದೇ ಇರುವುದುಂಟು. ಅದನ್ನೇ ನೆಪ ಮಾಡಿಕೊಂಡು ಎರಡನೇ ಒತ್ತಿಗೆ ಎರಡನೇ ಸಿಮ್ ಚಾಲೂ ಮಾಡಿಕೊಳ್ಳುವವರೂ ಉಂಟು. ಅಂಥ ಸಿಮ್ ವಂಚಕರ ಕೈ ಸೇರಿದರೆ ಪೊಲೀಸರು ಬಂದು ನಿಲ್ಲುವುದು ನಿಮ್ಮ ತಂದೆಯವರ ಬಾಗಿಲಲ್ಲಿ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ ಅಥವಾ ಆ್ಯಪಿನಲ್ಲಿ ತಂದೆಯವರ ನಂಬರ್ ಹಾಕಿ ಓಟಿಪಿ ಕೊಟ್ಟರೆ ಅವರ ಹೆಸರಿನಲ್ಲಿರುವ ನಂಬರುಗಳು ಕಾಣುತ್ತವೆ. ಗುರುತಿಲ್ಲದ್ದರ ಮುಂದೆ ‘ನನ್ನ ನಂಬರ್ ಅಲ್ಲ’ ಎಂದು ಗುರುತು ಮಾಡಿ, ಬಂದ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಬೇಡ’ ಎಂಬ ಆಯ್ಕೆಯೂ ಪಕ್ಕದಲ್ಲೇ ಇದೆ. ಅದು ನಿಮ್ಮದೇ ಆದರೂ ಈಗ ಬೇಡವಾದ ಸಿಮ್ಮಿಗೆ. ಅವಸರದಲ್ಲಿ ಅದನ್ನು ಒತ್ತಿದರೆ ಆ ಸಿಮ್ ನಿಮ್ಮದೆಂದು ನೀವೇ ಒಪ್ಪಿಕೊಂಡಂತೆ. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ ಹೆಚ್ಚೆಂದರೆ 9 ಸಿಮ್. ಅದಕ್ಕಿಂತ ಹೆಚ್ಚಾದರೆ ದಂಡ ಬೀಳುವುದು ಹೆಸರಿನವರಿಗೆ.

ಆಮೇಲೆ ಆಧಾರ್ ಜಾಲತಾಣಕ್ಕೆ ಹೋಗಿ ‘ದೃಢೀಕರಣ ಇತಿಹಾಸ’ ತೆಗೆಯಿರಿ. ಹಿಂದಿನ 6 ತಿಂಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂಸ್ಥೆ ಬೆರಳಚ್ಚು ಬಳಸಿತು, ಅದು ಸಫಲವೋ ವಿಫಲವೋ ಎಂಬುದು ಅದರಲ್ಲಿದೆ. ಜಾತ್ರೆಯ ಆ ದಿನ ಎರಡು ವಿಫಲ, ಒಂದು ಸಫಲ ಇದ್ದರೆ ಛತ್ರಿಯವನು ಹೇಳಿದ್ದು ನಿಜ. ಮೂರೂ ಸಫಲವಾಗಿದ್ದರೆ ಆ ಪುಟವನ್ನು ಮುದ್ರಿಸಿಕೊಂಡು ಠಾಣೆಗೆ ಹೋಗಿ. ಬೇರೊಬ್ಬರಂತೆ ನಟಿಸಿ ವಂಚಿಸಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಇದೆ. ವಂಚನೆಯಿಂದ ಸಿಮ್ ಪಡೆದದ್ದಕ್ಕೆ 2023ರ ದೂರಸಂಪರ್ಕ ಕಾಯ್ದೆಯ 42ನೇ ಕಲಂನಲ್ಲಿ 3 ವರ್ಷದವರೆಗೆ ಸೆರೆ ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡೂ ಇವೆ. ಸಿಮ್ ಮಾರುವ ಪ್ರತಿ ಕೇಂದ್ರವೂ ಕಂಪನಿಯಲ್ಲಿ ನೋಂದಣಿಯಾಗಿರಬೇಕು, ಅಕ್ರಮ ಮಾಡಿದರೆ 3 ವರ್ಷ ಕಪ್ಪುಪಟ್ಟಿ. ಹಾಗಾಗಿ ಕಂಪನಿಗೂ ಒಂದು ದೂರು ಹೋಗಲಿ. ಕೆಲಸ ಮುಗಿದ ಮೇಲೆ ತಂದೆಯವರ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವ ದಿನ ಮಾತ್ರ ತೆರೆಯಬೇಕಾಗುತ್ತದೆ, ಅದು ಸ್ವಲ್ಪ ಕಿರಿಕಿರಿಯೇ.

ಪ್ರಶ್ನೆ: 17 ವರ್ಷದ ಮಗ ಗೆಳೆಯರ ಜೊತೆ ಹೋಗಿ ಕಂತಿನ ಫೋನ್ ತಂದಿದ್ದಾನೆ. ಅಂಗಡಿಯವರು ವಯಸ್ಸು ಕೇಳಲಿಲ್ಲವಂತೆ. (ಸಿರುಗುಪ್ಪ)

ಉತ್ತರ: 18 ತುಂಬದವರು ಮಾಡಿದ ಕರಾರು 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಊರ್ಜಿತವೇ ಅಲ್ಲ. 1903ರಲ್ಲಿ, ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಪೀಠ ಪ್ರಿವಿ ಕೌನ್ಸಿಲ್ ಹೇಳಿದ ಈ ಮಾತು ಇಂದಿಗೂ ನಡೆಯುತ್ತದೆ. ಫೋನನ್ನು ಡಬ್ಬಿ ಸಮೇತ ಹಿಂದಿರುಗಿಸಲು ಸಿದ್ಧ ಎಂದು ಅಂಗಡಿಗೂ ಫೈನಾನ್ಸಿನವರಿಗೂ ಬರೆಯಿರಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಲಗತ್ತಿಸಿ. ಆದರೆ ಒಂದು ನೋಡಿಕೊಳ್ಳಿ. ಆಧಾರ್ ವಯಸ್ಸು ತೋರಿಸುತ್ತದಾದ್ದರಿಂದ ಸಾಲ ಅವನ ಹೆಸರಿನಲ್ಲಿ ಆಗಿರುವುದು ಅನುಮಾನ. ಗೆಳೆಯನ ಅಣ್ಣನದೋ ನಿಮ್ಮದೋ ದಾಖಲೆ ಬಳಸಿದ್ದರೆ ಕಥೆ ಬೇರೆ. ಕರಾರಿನ ಮೊದಲ ಪುಟದ ಹೆಸರು ಓದಿ, ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: ತೀನ್ ಕಂದೀಲ್ ಹತ್ತಿರದ ಅಂಗಡಿಯವರು ‘ಆ ಹುಡುಗ ಕೆಲಸ ಬಿಟ್ಟು ಹೋದ, ಅವನು ಹೇಳಿದ್ದಕ್ಕೂ ನಮಗೂ ಸಂಬಂಧವಿಲ್ಲ, ನೀವು ಓದಿ ಸಹಿ ಹಾಕಬೇಕಿತ್ತು’ ಅನ್ನುತ್ತಾರೆ. ಗ್ರಾಹಕರ ಕೋರ್ಟಿಗೆ ಹೋದರೆ ಇದೇ ಮಾತು ನಿಲ್ಲುತ್ತದೆಯೇ? ಖರ್ಚೆಷ್ಟು? (ರಾಯಚೂರು)

ಉತ್ತರ: ಹುಡುಗ ಹೋದರೂ ಹೊಣೆ ಹೋಗುವುದಿಲ್ಲ. ತನ್ನ ಕೆಲಸದ ಭಾಗವಾಗಿ ಏಜೆಂಟ್ ಹೇಳಿದ ಸುಳ್ಳು ಮಾಲೀಕನೇ ಹೇಳಿದಂತೆ ಎಂಬುದು ಕರಾರು ಕಾಯ್ದೆಯ 238ನೇ ಕಲಂ. ‘ಓದಬೇಕಿತ್ತು’ ಎಂಬ ವಾದಕ್ಕೆ ಮಾತ್ರ ತೂಕವಿದೆ, ಅದನ್ನು ಹಗುರವಾಗಿ ನೋಡಬೇಡಿ. 19ನೇ ಕಲಂ ಪ್ರಕಾರ ಸುಳ್ಳು ನಂಬಿ ಮಾಡಿಕೊಂಡ ಕರಾರನ್ನು ರದ್ದು ಮಾಡಿಸಬಹುದು. ಆದರೆ ಸಾಮಾನ್ಯ ಎಚ್ಚರದಿಂದ ನಿಜ ತಿಳಿಯಬಹುದಾಗಿದ್ದರೆ ಕೆಲವು ಸಂದರ್ಭಗಳಲ್ಲಿ ಆ ಹಕ್ಕು ಸಿಗದು. ಹಾಗಾಗಿ ಓದಲು ನಿಜವಾಗಿ ಅವಕಾಶವಿತ್ತೇ ಎಂಬುದನ್ನು ನೀವು ತೋರಿಸಬೇಕು. ಕರಾರು ಮೊದಲು ಬಂತೋ ಓಟಿಪಿ ಮೊದಲು ಬಂತೋ? ಮೆಸೇಜುಗಳ ಸಮಯ ನೋಡಿ. ಓಟಿಪಿ ಹೋದ ಎಷ್ಟೋ ಹೊತ್ತಿನ ಮೇಲೆ ಇಂಗ್ಲಿಷಿನ ಕರಾರು ಇಮೇಲ್‌ಗೆ ಬಂದಿದ್ದರೆ ‘ಓದಿ ಸಹಿ ಹಾಕಬೇಕಿತ್ತು’ ಎಂಬ ಮಾತು ಅಲ್ಲೇ ಕುಸಿಯುತ್ತದೆ. ಬರಹದ ಕರಾರಿದ್ದಾಗ ಬಾಯಿಮಾತಿನ ಸಾಕ್ಷ್ಯ ನಡೆಯದೆಂಬ ನಿಯಮಕ್ಕೂ ವಂಚನೆಯ ವಿನಾಯಿತಿ ಇದೆ.

ಗ್ರಾಹಕರ ಆಯೋಗದಲ್ಲಿ ದೂರು ಹಾಕುವ ಮುಂಚೆ ಅಂಗಡಿ, ಕಂಪನಿ ಇಬ್ಬರಿಗೂ 15 ದಿನದ ಗಡುವು ಕೊಟ್ಟು ನೋಟಿಸ್ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಅಂಚೆ ಕಚೇರಿಯಲ್ಲಿ ತಲುಪಿದ ದಾಖಲೆ ಸಮೇತ ಸ್ಪೀಡ್ ಪೋಸ್ಟ್ ಎಂದು ಕೇಳಿ.

ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬಯಿಯಲ್ಲಿರಲಿ, ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹಾಕಬಹುದು. ಮೊಬೈಲ್ ಕಂಪನಿಗಳು ‘ಇದು ಮಧ್ಯಸ್ಥಿಕೆಗೆ ಹೋಗಬೇಕು, ನಿಮ್ಮ ವ್ಯಾಪ್ತಿಯಲ್ಲ’ ಎಂದು ಮೊದಲೆಲ್ಲ ತಕರಾರು ತೆಗೆಯುತ್ತಿದ್ದವು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು.

ದೂರಿನಲ್ಲಿ ಇರಬೇಕಾದದ್ದು ಎಲ್ಲ ಎದುರುದಾರರ ಪೂರ್ತಿ ವಿಳಾಸ, ದಿನಾಂಕವಾರು ಘಟನೆ, ಕೇಳುವ ಮೊತ್ತ, ಒಂದು ಪ್ರಮಾಣಪತ್ರ, ದಾಖಲೆಗಳ ಪಟ್ಟಿ. ಅಂಗಡಿಯೊಂದನ್ನೇ ಎದುರುದಾರ ಮಾಡಿ ಫೈನಾನ್ಸ್ ಕಂಪನಿಯನ್ನು ಬಿಟ್ಟರೆ ‘ಬೇಕಾದವರನ್ನು ಸೇರಿಸಿಲ್ಲ’ ಎಂಬ ತಕರಾರು ಬರುತ್ತದೆ. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ, ಅದರಾಚೆ ಇಲ್ಲ. ತೀರ್ಪು 3 ತಿಂಗಳಲ್ಲಿ ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಹಾಕಲು ಇ-ಜಾಗೃತಿ ಜಾಲತಾಣವಿದೆ. ಲಿಂಗಸುಗೂರು, ದೇವದುರ್ಗದಿಂದ ಪ್ರತಿ ದಿನಾಂಕಕ್ಕೂ ಬಸ್ಸು ಹಿಡಿಯಲಾಗದವರು ವಿಡಿಯೊ ಮೂಲಕ ಹಾಜರಾಗಲು ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ನಂಬರ್ 15100.

2,000 ರೂಪಾಯಿಯ ಜಗಳಕ್ಕೆ ಇಷ್ಟೆಲ್ಲ ಬೇಕೇ ಎಂದೂ ನೀವು ಕೇಳಿದ್ದೀರಿ. ಓಡಾಟ, ಕೂಲಿ ಲೆಕ್ಕ ಹಾಕಿದರೆ ಎಲ್ಲರಿಗೂ ಬೇಕಿಲ್ಲ. 1915ಕ್ಕೆ ಕರೆ, ಅಂಕಿ ಬರೆದ ಒಂದು ಇಮೇಲ್, ಒಂದು ನೋಟಿಸ್, ಇಷ್ಟನ್ನು ಮಾತ್ರ ಯಾರೂ ಬಿಡಬಾರದು. ಆಯೋಗದ ಮೆಟ್ಟಿಲು ಹತ್ತುವುದು ಆ ಮೂರಕ್ಕೂ ಬಗ್ಗದಿದ್ದಾಗ.

ಪ್ರಶ್ನೆ: ಗಡಿಯಾಚೆ ತೆಲಂಗಾಣದಲ್ಲಿ ತೆಗೆದ ಸಿಮ್ಮನ್ನು ‘ಇಲ್ಲೇ ಕರ್ನಾಟಕದ್ದು ಮಾಡಿಕೊಡ್ತೀನಿ, ಒಂದೇ ದಿನ’ ಎಂದು ಅಂಗಡಿಯವರು 300 ರೂಪಾಯಿ ತಗೊಂಡರು. ವಾರ ಆಯಿತು. (ಶಕ್ತಿನಗರ)

ಉತ್ತರ: ಒಂದು ಸರ್ಕಲ್‌ನಿಂದ, ಅಂದರೆ ಒಂದು ದೂರಸಂಪರ್ಕ ವಲಯದಿಂದ, ಇನ್ನೊಂದಕ್ಕೆ ಪೋರ್ಟ್ ಆಗಲು 5 ಕೆಲಸದ ದಿನ ಬೇಕು. ಒಂದೇ ಸರ್ಕಲ್‌ನೊಳಗಾದರೆ 3. ‘ಒಂದೇ ದಿನ’ ಎಂಬುದು ಆಗದ ಮಾತು. ಪೋರ್ಟಿಗೆ ನಿಯಮದಲ್ಲಿರುವ ಶುಲ್ಕ 6 ರೂಪಾಯಿ 46 ಪೈಸೆ. 300ಕ್ಕೆ ರಸೀದಿ ಕೇಳಿ. ಯುಪಿಸಿ 4 ದಿನಕ್ಕೆ ಸಾಯುತ್ತದೆ. ಅಷ್ಟರೊಳಗೆ ಅವರು ಅರ್ಜಿಯನ್ನೇ ಹಾಕದಿದ್ದರೆ ಹೊಸದಾಗಿ ತೆಗೆಯಬೇಕು. ಈ ಸಲ ನೇರವಾಗಿ ಕಂಪನಿಯ ಸ್ವಂತ ಮಳಿಗೆಗೇ ಹೋಗಿ.